ನೆಲದ ಮೇಲೆ ಇಟ್ಟ ಹಾಳೆ

೧೯೪೯ರ ಡೈರಿ ಇನ್ನೂ ನನ್ನ ಹತ್ತಿರ ಇದೆ. ಕಂದು ರಟ್ಟಿನದು, ರಾಯಚೂರಿನ ಸ್ಟೇಷನ್ ರಸ್ತೆಯಲ್ಲಿ ಕೊಂಡದ್ದು. ಪ್ರತಿ ಪುಟದ ಮೇಲ್ಗಡೆ ವಾರ, ತಾರೀಖು, ತಿಥಿ. ಅದರ ಕೆಳಗೆ ತರಗತಿಯ ಹಾಜರಿ. ಅದರ ಕೆಳಗೆ ಗೀಟುಗಳು. ನಾಲ್ಕು ಗೀಟು ನಿಲ್ಲಿಸಿ ಐದನೆಯದನ್ನು ಅಡ್ಡ ಎಳೆಯುವುದು ನನ್ನ ಪದ್ಧತಿ. ಎಣಿಸದೆ ಇರುವುದು ಸಣ್ಣವನಿದ್ದಾಗಿನಿಂದಲೂ ನನಗೆ ಆಗಿಬಂದದ್ದಲ್ಲ. ಮಾನ್ವಿಯ ನಮ್ಮ ಮನೆಯಿಂದ ಗುಡಿಗೆ ಎಷ್ಟು ಹೆಜ್ಜೆ, ಅಪ್ಪ ಪುರಾಣ ಹೇಳುವಾಗ ನಡುವೆ ಎದ್ದು ಹೋದವರು ಎಷ್ಟು, ಇಂಥವನ್ನೆಲ್ಲ ಬರೆದಿಟ್ಟ ನೋಟುಬುಕ್ಕುಗಳು ಬೇರೆ ಇವೆ.

ಆ ವರ್ಷ ನನಗೆ ಇಪ್ಪತ್ತೊಂದು. ರಾಯಚೂರಿನಲ್ಲಿ ಮಾಸ್ತರಿಕೆಯ ತರಬೇತಿ ಮುಗಿಸಿ ಜೂನಿನಲ್ಲಿ ದೇವದುರ್ಗದ ಶಾಲೆಗೆ ಏಳನೇ ತರಗತಿಯ ಮಾಸ್ತರನಾಗಿ ಹೋದೆ. ನಿಜಾಮರ ಆಳ್ವಿಕೆ ಮುಗಿದು ವರ್ಷ ಆಗುತ್ತ ಬಂದಿತ್ತು. ಹುಡುಗರು ಅಲ್ಲಿಯವರೆಗೆ ಉರ್ದುವಿನಲ್ಲಿ ಕಲಿತವರು. ಮನೆಯಲ್ಲಿ ಆಡುವ ಮಾತು ಪುಸ್ತಕದಲ್ಲೂ ಇರಬಹುದು ಎಂಬುದೇ ಅವರಿಗೆ ಹೊಸದು. ಹಾಜರಿಯಲ್ಲಿ ಇಪ್ಪತ್ನಾಲ್ಕು ಹೆಸರು. ನಾನು ಅವರನ್ನು ಊರಿನಿಂದಲೇ ಕರೆಯುತ್ತಿದ್ದೆ, ಇಲ್ಲಿಯೂ ಹಾಗೆಯೇ ಕರೆಯುತ್ತೇನೆ.

ತರಬೇತಿಯಲ್ಲಿ ನಮಗೆ ಒಬ್ಬ ವಯಸ್ಸಾದ ಗುರುಗಳಿದ್ದರು. ಶಾಸನ, ಫರ್ಮಾನು, ಕಾಯ್ದೆ, ಇಂಥ ದೊಡ್ಡ ಬರಹಗಳನ್ನು ಮಕ್ಕಳಿಗೆ ಹೇಗೆ ಓದಿಸಬೇಕೆಂದು ಅವರು ಕಲಿಸಿದ ಒಂದು ಕ್ರಮವಿತ್ತು. "ದೊಡ್ಡ ಬರಹಾನ ಒಬ್ಬಾವ ಓದಿದ್ರ ಅವಗ ಹೆದರಿಕಿ ಬರ್ತದ. ನಾಲ್ಕು ಮಂದಿ ಸುತ್ತ ಕೂತು ಓದ್ರಿ, ಆಗ ಅದಾ ನಿಮಗ ಹೆದರ್ತದ" ಎನ್ನುತ್ತಿದ್ದರು. ನಾಲ್ವರಿಗೆ ಒಂದೇ ಹಾಳೆ. ಒಬ್ಬ ಒಂದು ವಾಕ್ಯ ಓದಬೇಕು. ಎರಡನೆಯವ ತಿಳಿಯದ್ದನ್ನು ಕೇಳಬೇಕು. ಮೂರನೆಯವ ಅದನ್ನು ಅವ್ವನಿಗೆ ಹೇಳಿದ ಹಾಗೆ ಮನೆಮಾತಿನಲ್ಲಿ ಹೇಳಬೇಕು. ನಾಲ್ಕನೆಯವ ಬರೆದುಕೊಳ್ಳಬೇಕು. ವಾಕ್ಯ ಮುಗಿದ ಮೇಲೆ ಹಾಳೆ ಮುಂದಿನವನ ಕೈಗೆ ಹೋಗುತ್ತದೆ, ಕೆಲಸಗಳೂ ಒಂದೊಂದು ಸ್ಥಾನ ಸರಿಯುತ್ತವೆ. ನಾಲ್ವರೂ ಹೌದೆನ್ನುವವರೆಗೆ ಮುಂದಿನ ವಾಕ್ಯಕ್ಕೆ ಹೋಗುವಂತಿಲ್ಲ.

ನಾನು ಹುಡುಗರನ್ನು ನಾಲ್ವರಂತೆ ಆರು ಸುತ್ತು ಮಾಡಿ ಕೂರಿಸಿದೆ. ಮೂರನೇ ಸುತ್ತಿನಲ್ಲಿ ದೇವದುರ್ಗದ ವಕೀಲರ ಮಗ, ಕೃಷ್ಣೆಯ ದಂಡೆಯ ಗೂಗಲ್ಲಿನವನು, ಸೋದರಮಾವನ ಮನೆಯಲ್ಲಿದ್ದು ಓದುತ್ತಿದ್ದ ಬಾಗಲವಾಡದವನು, ಮತ್ತು ಅರಕೇರಾದವನು.

ಅರಕೇರಾದವನಿಗೆ ಆಗ ಹತ್ತೊಂಬತ್ತು. ಊರ ಹೊರಗಿನ ಕೇರಿಯವನು. ಮದುವೆಯಾಗಿತ್ತು, ಒಂದು ಕೂಸೂ ಇತ್ತು. ಸುಗ್ಗಿ ಬಂದಾಗಲೆಲ್ಲ ಶಾಲೆ ಬಿಟ್ಟು, ಮುಗಿದ ಮೇಲೆ ಮತ್ತೆ ಸೇರಿ, ಹಾಗೂ ಹೀಗೂ ಏಳನೇ ತರಗತಿಗೆ ಬಂದಿದ್ದ. ಏಳನೆಯದು ಪಾಸಾದರೆ ಹಳ್ಳಿಯ ಶಾಲೆಗೆ ಮಾಸ್ತರ ಆಗಬಹುದಿತ್ತು. ಅವನಿಗೆ ಬೇಕಾಗಿದ್ದದ್ದು ಅದೊಂದೇ. ಅವನ ಕೇರಿಯಿಂದ ಯಾರೂ ಅಲ್ಲಿಯವರೆಗೆ ಮಾಸ್ತರ ಆಗಿರಲಿಲ್ಲ. ತರಗತಿಯಲ್ಲಿ ಬಾಗಿಲ ಹತ್ತಿರ ಅವನದೇ ಒಂದು ಬೇರೆ ಚಾಪೆ ಇತ್ತು. ನಾನು ಬರುವುದಕ್ಕೆ ಮೊದಲಿನಿಂದಲೂ ಇತ್ತು. ಸುತ್ತು ಶುರುವಾದ ದಿನ ಅದನ್ನು ಸುತ್ತಿಡಲು ಹೇಳಿ ಅವನನ್ನು ಒಳಗೆ ಕರೆದೆ. ಬಂದು ಕುಳಿತ. ಉಳಿದ ಮೂವರೂ ಒಂದು ಗೇಣು ಸರಿದರು ಅಷ್ಟೆ.

ಮೊದಲು ಕೊಟ್ಟದ್ದು ಮಸ್ಕಿಯ ಬಂಡೆಯ ಮೇಲೆ ಹಳೆಯ ಚಕ್ರವರ್ತಿಯೊಬ್ಬ ಕೊರೆಸಿದ ಶಾಸನದ ತಾತ್ಪರ್ಯ. ನಮ್ಮ ಜಿಲ್ಲೆಯದೇ ಬಂಡೆ.

"ಬಂಡಿ ಮ್ಯಾಲ ಯಾಕ ಬರಸಿದಾ ರೀ? ಹಾಳಿ ಇರಲಿಲ್ಲೇನು?" ಎಂದು ಗೂಗಲ್ಲಿನವನು ಕೇಳಿದ.

"ಹಾಳಿ ಮ್ಯಾಲ ಬರಸಿದ್ರ ನಿಮ್ಮಪ್ಪ ಕಡ್ಲಿ ಕಟ್ಟಿ ಮಾರತಿದ್ದಲೇ" ಎಂದ ಬಾಗಲವಾಡದವನು.

ದೊಡ್ಡವರಿಗೆ ಮಾತ್ರವಲ್ಲ, ಸಣ್ಣವನೂ ದುಡಿದರೆ ಸ್ವರ್ಗ ಸಿಗುತ್ತದೆ ಎಂಬ ಅರ್ಥದ ಮಾತು ಅದರಲ್ಲಿ ಬರುತ್ತದೆ. ಮನೆಮಾತಿನಲ್ಲಿ ಹೇಳುವ ಪಾಳಿ ಅರಕೇರಾದವನದು. "ಯವ್ವಾ, ಬುಟ್ಟಿ ತಳದಾಗಿನ ಹಣ್ಣಿಗೂ ರುಚಿ ಇರ್ತದಂತ, ಅರಸ ಹೇಳ್ಯಾನ" ಎಂದ. ವಕೀಲರ ಮಗ ಬರೆದುಕೊಂಡ. ನಾನೂ ಡೈರಿಯಲ್ಲಿ ಬರೆದುಕೊಂಡೆ.

ಆದರೆ ಆ ದಿನ ನಾನು ಎಣಿಸಿದ್ದು ಬೇರೆ. ವಕೀಲರ ಮಗ ಅರಕೇರಾದವನಿಗೆ ಹಾಳೆ ಕೊಡಬೇಕಾದಾಗ ಕೈಗೆ ಕೊಡಲಿಲ್ಲ. ನೆಲದ ಮೇಲೆ ಇಟ್ಟ. ಅರಕೇರಾದವನು ಎತ್ತಿಕೊಂಡ. ಓದಿ ಮುಗಿಸಿ ಅವನೂ ನೆಲದ ಮೇಲೆ ಇಟ್ಟ, ಗೂಗಲ್ಲಿನವನು ಎತ್ತಿಕೊಂಡ. ಯಾರೂ ಹೇಳಿಕೊಟ್ಟದ್ದಲ್ಲ, ಯಾರಿಗೂ ಅದು ವಿಶೇಷ ಅನ್ನಿಸಿದಂತೆಯೂ ಕಾಣಲಿಲ್ಲ. ಡೈರಿಯ ಆ ಪುಟದಲ್ಲಿ ಎರಡು ಕಾಲಂ ಮಾಡಿದೆ. ಎಡಕ್ಕೆ 'ಕೈಯಿಂದ ಕೈಗೆ', ಬಲಕ್ಕೆ 'ನೆಲದ ಮೇಲೆ'. ಅರಕೇರಾದವನಿಗೆ ಬಂದದ್ದು, ಅವನಿಂದ ಹೋದದ್ದು, ಇವಷ್ಟೇ ಲೆಕ್ಕಕ್ಕೆ. ಮೊದಲ ದಿನ ಎಡಕ್ಕೆ ಸೊನ್ನೆ, ಬಲಕ್ಕೆ ಹನ್ನೊಂದು.

ಹೇಳಿದರೆ ಕೆಡುತ್ತದೆ ಅನ್ನಿಸಿತು. ಓದಿನ ಗದ್ದಲದಲ್ಲಿ ತಾನೇ ಹೋಗಲಿ ಎಂದು ಕಾದೆ, ಎಣಿಸುತ್ತ ಹೋದೆ. ಎರಡನೇ ವಾರದಲ್ಲಿ ಒಂದು ದಿನ ಗೂಗಲ್ಲಿನವನು ವಾದದ ಭರದಲ್ಲಿ ಅರಕೇರಾದವನ ಕೈಯಿಂದ ಹಾಳೆ ಕಸಿದುಕೊಂಡ, "ಕೊಡಲೇ ಇಲ್ಲಿ, ಹಂಗಿಲ್ಲದು!" ಎನ್ನುತ್ತ. ಎಡಕ್ಕೆ ಒಂದು. ನಾನು ಆ ಗೀಟನ್ನು ಕೆಂಪು ಶಾಯಿಯಲ್ಲಿ ಎಳೆದೆ. ಅಕ್ಟೋಬರ್ ಮುಗಿಯುವಾಗ ಎಡಕ್ಕೆ ಒಂಬತ್ತು, ಬಲಕ್ಕೆ ಎರಡು. ನವೆಂಬರಿನ ಕೊನೆಯ ವಾರ ಬಲಗಡೆಯ ಕಾಲಂ ಖಾಲಿ.

ಒಂದು ಮಧ್ಯಾಹ್ನ ಅರಕೇರಾದವನು ನನ್ನ ಮೇಜಿನ ಹತ್ತಿರ ನಿಂತು ಡೈರಿಯನ್ನು ನೋಡಿದ. "ಈ ಗೀಟು ಯಾತರವು ರೀ ಮಾಸ್ತರ್ರ?" ಎಂದು ಕೇಳಿದ. ನಾನು ಹೆಮ್ಮೆಯಿಂದಲೇ ಹೇಳಿದೆ. ಮೊದಲ ದಿನದಿಂದ ಪುಟ ತಿರುವಿ ತೋರಿಸಿದೆ. ಅವನು ಬಹಳ ಹೊತ್ತು ನೋಡಿ ನಕ್ಕ.

"ನಾ ಹುಟ್ಟಿದಾಗಿಂದ ಎಣಿಸಿದ್ರ ನಿಮ್ಮ ಡೈರಿ ಸಾಲಂಗಿಲ್ರಿ."

ನಾನೂ ನಕ್ಕೆ.

ನವೆಂಬರಿನ ಕೊನೆಯಲ್ಲಿ ದೆಹಲಿಯ ಸಭೆ ದೇಶದ ಸಂವಿಧಾನವನ್ನು ಒಪ್ಪಿತು. ಹುಬ್ಬಳ್ಳಿ ಕಡೆಯಿಂದ ಬರುವ ಒಂದು ಕನ್ನಡ ಪತ್ರಿಕೆ ಅದರ ಮುಖ್ಯ ಹಕ್ಕುಗಳನ್ನು ಅಚ್ಚು ಮಾಡಿತ್ತು. ರಾಯಚೂರು ಸ್ಟೇಷನ್ನಿಗೆ ಹೋಗಿ ಒಂದು ಪ್ರತಿ ತಂದು, ಆರು ಸುತ್ತಿಗೆ ಆರು ಹಾಳೆ ನಕಲು ಮಾಡಿದೆ. ಡಿಸೆಂಬರಿನ ಮೊದಲ ಸೋಮವಾರ ಓದಲು ಶುರು ಮಾಡಿದೆವು. ಶಬ್ದಗಳು ದೊಡ್ಡವು, ಗದ್ದಲವೂ ದೊಡ್ಡದು.

"ಎಲ್ಲಾರೂ ಸಮ ಅಂದ್ರ ನಮ್ಮ ಗೌಡ್ರೂ ಇದರಾಗ ಬರ್ತಾರೇನ್ರೀ?" ಎಂದ ಗೂಗಲ್ಲಿನವನು.

"ಬರ್ತಾರ. ಆದ್ರ ಅವರಿಗೆ ಯಾರೂ ಹೇಳಿಲ್ಲ" ಎಂದ ಬಾಗಲವಾಡದವನು. ಇಡೀ ತರಗತಿ ನಕ್ಕಿತು.

ಅಸ್ಪೃಶ್ಯತೆ ಇನ್ನಿಲ್ಲ, ಅದನ್ನು ಆಚರಿಸುವುದು ಅಪರಾಧ ಎನ್ನುವ ಸಾಲು ಬಂದಾಗ ಓದುವ ಪಾಳಿ ವಕೀಲರ ಮಗನದಾಗಿತ್ತು. ಓದಿ, ತಲೆಯೆತ್ತದೆ ಹಾಳೆಯನ್ನು ಪಕ್ಕಕ್ಕೆ ಚಾಚಿದ. ಅರಕೇರಾದವನು ಕೈಯಿಂದಲೇ ತೆಗೆದುಕೊಂಡ. ಇನ್ನೊಮ್ಮೆ ತಾನೇ ಓದಿದ. ಆಮೇಲೆ ನನ್ನ ಕಡೆ ತಿರುಗಿ, "ಇದು ಯಾವತ್ತಿಂದ ರೀ?" ಎಂದ.

"ಜನವರಿ ಇಪ್ಪತ್ತಾರರಿಂದ."

"ಇನ್ನ ಎಷ್ಟು ದಿನಾ ಅದ?"

"ಮಾಸ್ತರ್ರ ಎಣಿಸಿರ್ತಾರ ತಗೋ" ಎಂದ ಬಾಗಲವಾಡದವನು.

ನಿಜವಾಗಿಯೂ ಎಣಿಸಿದ್ದೆ. "ಐವತ್ತೆರಡು" ಎಂದೆ.

"ಹಂಗಾರ ಪರೀಕ್ಷಾಕಿಂತ ಮೊದಲಾ ಆತು" ಎಂದು ಅವನು ಹಾಳೆಯನ್ನು ಗೂಗಲ್ಲಿನವನಿಗೆ ಕೊಟ್ಟ. ಆ ದಿನದ ಲೆಕ್ಕ: ಎಡಕ್ಕೆ ಹದಿನಾಲ್ಕು, ಬಲಕ್ಕೆ ಸೊನ್ನೆ. ಡೈರಿಯಲ್ಲಿ ಅದಕ್ಕಿಂತ ಒಳ್ಳೆಯ ಪುಟ ನನಗೆ ಇಲ್ಲ.

ಅದೇ ವಾರ ವಕೀಲರ ಮನೆಯಲ್ಲಿ ಹುಡುಗನ ಅಜ್ಜಿಗೆ ಯಾರೋ ಸುದ್ದಿ ಮುಟ್ಟಿಸಿದರು, ನಿಮ್ಮ ಮೊಮ್ಮಗ ಶಾಲೆಯಲ್ಲಿ ಯಾರ ಕೈಯ ಹಾಳೆ ಹಿಡಿಯುತ್ತಾನೆಂದು. ಆಕೆ ಅವನನ್ನು ಸಂಜೆ ಹಿತ್ತಲಲ್ಲೇ ನಿಲ್ಲಿಸಿ, ಉಟ್ಟ ಬಟ್ಟೆಯ ಮೇಲೆಯೇ ತಣ್ಣೀರು ಸುರಿದುಕೊಳ್ಳಲು ಹೇಳಿದರು. ಮೂರು ಸಂಜೆ ಹಾಗೆ ನಡೆಯಿತು. ಡಿಸೆಂಬರಿನ ಚಳಿ. ನಾಲ್ಕನೇ ದಿನ ಹುಡುಗನಿಗೆ ಜ್ವರ ಬಂತು, ತಂದೆ ಶಾಲೆಗೆ ಬಂದರು.

ವಕೀಲರು ಒರಟು ಮನುಷ್ಯರಲ್ಲ. ಹೆಡ್‌ಮಾಸ್ತರರ ಕೋಣೆಯಲ್ಲಿ ನನ್ನನ್ನು ಕೂಡಿಸಿಕೊಂಡು ಮೆಲ್ಲಗೆ ಮಾತಾಡಿದರು.

"ನಾ ಇಂಗ್ಲೀಷಿನೊಳಗ ಪೂರ್ತಿ ಓದೀನಿ ರೀ. ಭಾಳ ದೊಡ್ಡ ಕೆಲಸ ಆಗ್ಯದ. ನನಗೇನೂ ತಕರಾರಿಲ್ಲ. ಆದ್ರ ಮನ್ಯಾಗ ನಮ್ಮ ತಾಯಿ ಇದ್ದಾರ, ಎಂಬತ್ತು ವರ್ಷ. ಅವರಿಗೆ ದಿಲ್ಲಿ ಗೊತ್ತಿಲ್ಲ. ಮಗನ್ನ ಸಾಲಿ ಬಿಡಿಸಬೇಕಾಗ್ತದ. ನಾ ಬಿಡಿಸಿದ್ರ ಇನ್ನೂ ನಾಲ್ಕು ಮಂದಿ ಬಿಡಿಸ್ತಾರ."

ಅವರು ಹೋದ ಮೇಲೆ ಹೆಡ್‌ಮಾಸ್ತರರು ತಲೆ ಸವರಿಕೊಂಡರು. ಅವರೂ ಕೆಟ್ಟವರಲ್ಲ. "ಸುತ್ತು ಬಿಡ್ರಿ ಅಂತ ನಾ ಅನ್ನೂದಿಲ್ಲ. ಅರಕೇರಾದವನ ಪರೀಕ್ಷಾದ ದರಖಾಸ್ತು ತಿಂಗಳ ಕೊನಿಯೊಳಗ ಕಳಿಸಬೇಕು. ಅಲ್ಲೀತನಕ ಗದ್ಲ ಬ್ಯಾಡ. ನೀವು ಶಾಣ್ಯಾರಿದ್ದೀರಿ, ಏನಾರ ಹಾದಿ ತಗೀರಿ" ಎಂದರು.

ಹಾದಿ ನನಗೆ ಆಗಲೇ ಹೊಳೆದಿತ್ತು. ಗದ್ದಲವೆಲ್ಲ ಒಂದು ಹಾಳೆ ನಾಲ್ಕು ಕೈ ಸುತ್ತುವುದರಿಂದ. ಅರಕೇರಾದವನಿಗೆ ಅವನದೇ ಒಂದು ಹಾಳೆ ಇದ್ದರೆ? ಅವನು ಸುತ್ತಿನಲ್ಲಿಯೇ ಇರುತ್ತಾನೆ, ಓದುತ್ತಾನೆ, ಹೇಳುತ್ತಾನೆ, ಪರೀಕ್ಷೆಗೆ ಕೂರುತ್ತಾನೆ. ಯಾರೂ ಯಾರ ಕೈಯನ್ನೂ ಮುಟ್ಟಬೇಕಾಗಿಲ್ಲ. ಎಲ್ಲರಿಗೂ ಅನುಕೂಲ. ಆ ಶನಿವಾರದ ಡೈರಿಯಲ್ಲಿ 'ಉಪಾಯ ಸಿಕ್ಕಿತು' ಎಂದು ಬರೆದು ಕೆಳಗೆ ಗೆರೆ ಎಳೆದಿದ್ದೇನೆ.

ಮಧ್ಯಾಹ್ನದ ಮೋಟಾರು ಹಿಡಿದು ಮಾನ್ವಿಗೆ ಹೋದೆ. ಅಂಗಳದಲ್ಲಿ ಕಾಲಿಡುತ್ತಲೇ ಒಳಗಿನಿಂದ ಅವ್ವನ ದನಿ ಬಂತು: "ಸಾಲಿಯಿಂದ ಬಂದೀಯಲ್ಲಪಾ, ಮೊದಲ ಸ್ನಾನ ಮಾಡು, ಆಮ್ಯಾಲ ಒಳಗ ಬಾ. ನೀರು ಕಾದಾವ." ಮಾಸ್ತರನಾದಾಗಿನಿಂದ ಪ್ರತಿ ಶನಿವಾರ ಇದೇ ಮಾತು, ಪ್ರತಿ ಶನಿವಾರ ನಾನು ಸ್ನಾನ ಮಾಡಿಯೇ ಒಳಗೆ ಹೋಗುತ್ತಿದ್ದೆ. ಅಂದೂ ಮಾಡಿದೆ.

ಭಾನುವಾರ ಇಡೀ ಬೆಳಿಗ್ಗೆ ಕುಳಿತು ಆ ಹಾಳೆ ಬರೆದೆ. ಒಳ್ಳೆಯ ಕಾಗದ, ಹೊಸ ನಿಬ್ಬು. ಶಿರೋನಾಮೆಗಳಿಗೆ ಕೆಂಪು ಶಾಯಿ. ಅಪ್ಪ ಗುಡಿಯ ಪೂಜೆ ಮುಗಿಸಿ ಬಂದವರು ಹೆಗಲ ಮೇಲಿನಿಂದ ನೋಡಿದರು.

"ಮುತ್ತು ಪೋಣಿಸಿದಂಗ ಅದಾವಲ್ಲೋ ಅಕ್ಷರ! ಯಾರಿಗಿದು?"

"ಒಬ್ಬ ವಿದ್ಯಾರ್ಥಿಗೆ."

"ಎಲ್ಲಾರಿಗೂ ಒಂದೊಂದು ಬರಿಯಾಕತ್ತೀಯೇನು?"

"ಇಲ್ಲ, ಅವನೊಬ್ಬನಿಗೇ."

"ಪುಣ್ಯವಂತ" ಎಂದು ಅಪ್ಪ ಊಟಕ್ಕೆ ಹೋದರು.

ಸೋಮವಾರ ಸುತ್ತುಗಳು ಕುಳಿತವು. ವಕೀಲರ ಮಗನೂ ಬಂದಿದ್ದ, ಕೊರಳಿಗೆ ಉಲ್ಲನ್ ಪಟ್ಟಿ ಸುತ್ತಿಕೊಂಡು. ಮೂರನೇ ಸುತ್ತಿನ ಹಳೆಯ ಹಾಳೆ ಅವನ ಹತ್ತಿರ ಇತ್ತು. ನಾನು ಹೊಸ ಹಾಳೆ ಹಿಡಿದು ಅರಕೇರಾದವನ ಮುಂದೆ ನಿಂತೆ. "ಇದು ನಿನಗ. ನಿನಗಂತನಾ ಬರದೀನಿ. ಇನ್ನ ಮ್ಯಾಲ ನೀ ಇದರಾಗ ಓದು" ಎಂದೆ. ಹೇಳುತ್ತ ಬಾಗಿ ಹಾಳೆಯನ್ನು ಅವನ ಮುಂದೆ ಇಟ್ಟೆ.

ಅವನು ಹಾಳೆಯನ್ನು ನೋಡಿದ. ಉಳಿದ ಮೂವರ ನಡುವೆ ಇದ್ದ ಹಳೆಯ ಹಾಳೆಯನ್ನು ನೋಡಿದ. ಆಮೇಲೆ ನನ್ನ ಕೈಗಳನ್ನು. ಅವನ ಕೈ ಇನ್ನೂ ಅರ್ಧ ಮೇಲಕ್ಕೆ ಎತ್ತಿದಂತೆಯೇ ಇತ್ತು, ನಾನು ಕೊಡುತ್ತೇನೆಂದು ಚಾಚಿದ್ದು.

"ಬರಕೋರ್ರಿ ಮಾಸ್ತರ್ರ" ಎಂದ. ಸಿಟ್ಟಿನ ದನಿ ಅಲ್ಲ. ಲೆಕ್ಕ ತಪ್ಪಿದವನಿಗೆ ನೆನಪು ಮಾಡಿಕೊಡುವ ದನಿ. "ನೆಲದ ಮ್ಯಾಲ, ಒಂದು."

ಗೂಗಲ್ಲಿನವನು ತಲೆ ತಗ್ಗಿಸಿದ. ಅರಕೇರಾದವನು ಹಾಳೆ ಎತ್ತಿಕೊಂಡು, ಆ ದಿನದ ಪಾಠ ಮುಗಿಯುವವರೆಗೆ ಕುಳಿತು, ತನ್ನ ಪಾಳಿ ಬಂದಾಗ ಓದಿದ. ಎದ್ದು ಹೋಗುವಾಗ ಬಾಗಿಲ ಹತ್ತಿರ ಸುತ್ತಿಟ್ಟಿದ್ದ ಹಳೆಯ ಚಾಪೆಯನ್ನು ಕಂಕುಳಲ್ಲಿ ಇಟ್ಟುಕೊಂಡ.

ಆ ಸಂಜೆ ಡೈರಿಯನ್ನು ಮೊದಲಿನಿಂದ ತಿರುವಿದೆ. ಹುಡುಗರ ಕೈಗಳೆಲ್ಲ ಅದರಲ್ಲಿವೆ. ನನ್ನ ಕೈ ಒಂದು ಪುಟದಲ್ಲೂ ಇಲ್ಲ. ನೆನಪು ಮಾಡಿಕೊಂಡೆ. ತಿದ್ದಿದ ನೋಟುಬುಕ್ಕುಗಳನ್ನು ನಾನು ಒಬ್ಬೊಬ್ಬರನ್ನೇ ಕರೆದು ಕೊಡುತ್ತಿದ್ದೆ, ಬಂದವರ ಕೈಗೆ. ಅವನದನ್ನು ಮೇಜಿನ ಅಂಚಿಗೆ ಸರಿಸುತ್ತಿದ್ದೆ. ಜೂನಿನಿಂದಲೂ ಹಾಗೆಯೇ. ಆರು ತಿಂಗಳು ಅವರ ಕೈ ಎಣಿಸಿದವನು ಒಂದು ದಿನವೂ ಅದನ್ನು ಕಂಡಿರಲಿಲ್ಲ.

ಮಂಗಳವಾರ ಅವನು ಬರಲಿಲ್ಲ. ಬುಧವಾರವೂ ಇಲ್ಲ. ಹಾಜರಿಯಲ್ಲಿ ಅವನ ಹೆಸರಿನ ಮುಂದೆ ಒಂಬತ್ತು ಗೈರುಹಾಜರಿ ಆದ ಮೇಲೆ ಅರಕೇರಾಕ್ಕೆ ಹೋದೆ. ಅವನ ತಾಯಿ ಗುಡಿಸಲ ಮುಂದೆ ಹತ್ತಿಕಟ್ಟಿಗೆ ಮುರಿಯುತ್ತ ಕುಳಿತಿದ್ದಳು. ನನ್ನನ್ನು ಕಂಡು ಗಾಬರಿಯಾಗಿ ಎದ್ದಳು.

"ಯಪ್ಪಾ, ನೀವ್ಯಾಕ ಇಲ್ಲೀತನಾ ಬಂದ್ರಿ? ಅವ ಏನಾರ ತಪ್ಪು ಮಾಡ್ಯಾನೇನ್ರಿ?"

"ಇಲ್ಲ ಯವ್ವಾ. ಅವ ಎಲ್ಲಿ ಹೋಗ್ಯಾನ?"

"ರಾಯಚೂರಾಗ ಗೂಡ್ಸ್ ಗಾಡಿಗೆ ಚೀಲ ಹೊರಾಕ ಹೋಗ್ಯಾನ್ರಿ, ಮಂದಿ ಕೂಡ. ಸಾಲಿ ಸಾಕು ಅಂದ. ನೀವು ಕೊಟ್ಟ ಹಾಳಿ ಮಾತ್ರ ಒಯ್ದಾನ."

ಕೊನೆಯ ಮಾತು ಕೇಳಿ ನನಗೆ ಆಸೆ ಹುಟ್ಟಿತು. ಹೆಡ್‌ಮಾಸ್ತರರಿಂದ ದರಖಾಸ್ತಿನ ಹಾಳೆ ಪಡೆದು, ಅವನ ಸಹಿಯೊಂದನ್ನು ಬಿಟ್ಟು ಎಲ್ಲ ತುಂಬಿ, ತಿಂಗಳ ಕೊನೆಯ ಶುಕ್ರವಾರ ರಾಯಚೂರಿಗೆ ಹೋದೆ. ಶನಿವಾರ ಕೊನೆಯ ದಿನ.

ಗೂಡ್ಸ್ ಷೆಡ್ಡಿನಲ್ಲಿ ಮಧ್ಯಾಹ್ನದ ಬಿಡುವು. ಶೇಂಗಾ ಚೀಲಗಳ ರಾಶಿಯ ನೆರಳಿನಲ್ಲಿ ನಾಲ್ವರು ಹಮಾಲರು ಸುತ್ತ ಕುಳಿತಿದ್ದರು. ಅವರಲ್ಲಿ ಒಬ್ಬ ಅವನು. ನಡುವೆ ನನ್ನ ಹಾಳೆ. ಮಡಿಕೆಗಳಲ್ಲಿ ಹರಿದಿತ್ತು, ಕೆಂಪು ಶಾಯಿ ಬೆವರಿಗೆ ಹರಡಿತ್ತು. ಅವನು ಒಂದು ಸಾಲು ಓದಿದ. ಬಿಳಿ ಮೀಸೆಯ ಮುದುಕನೊಬ್ಬ, "ಅಂದ್ರ?" ಎಂದ. ಇನ್ನೊಬ್ಬ ತನಗೆ ತಿಳಿದಂತೆ ಹೇಳಿದ. "ಲೇ, ಹಂಗಲ್ಲೋ" ಎಂದು ಮತ್ತೊಬ್ಬ ಹಾಳೆ ತೆಗೆದುಕೊಂಡ. ಅವರಲ್ಲಿ ಮೂವರಿಗೆ ಓದು ಬರುತ್ತಿರಲಿಲ್ಲ. ಆದರೂ ಹಾಳೆ ಎಲ್ಲರ ಕೈಗೂ ಹೋಗುತ್ತಿತ್ತು, ಪ್ರತಿಯೊಬ್ಬನೂ ಅದನ್ನು ಹಿಡಿದು, ನೋಡಿ, ಮುಂದೆ ಕೊಡುತ್ತಿದ್ದ. ದೂರ ನಿಂತು ನನಗೆ ತಿಳಿಯದೆಯೇ ಎಣಿಸಿದೆ. ಕೈಯಿಂದ ಕೈಗೆ ಏಳು. ನೆಲದ ಮೇಲೆ ಒಂದೂ ಇಲ್ಲ.

ನಾನು ಹತ್ತಿರ ಹೋದೆ. ನನ್ನ ಧೋತರ, ನಾಮ ಕಂಡು ನಾಲ್ವರೂ ಎದ್ದು ನಿಂತರು. ಸುತ್ತು ಮುರಿಯಿತು. ಅವನು ಹಾಳೆ ಮಡಚಿ ಅಂಗಿಯೊಳಗೆ ಇಟ್ಟ.

"ನಾಳಿಗೆ ಕಡೀ ದಿನ. ಸಹಿ ಮಾಡು ಸಾಕು, ಉಳಿದದ್ದು ನಾ ನೋಡಿಕೋತೀನಿ" ಎಂದು ದರಖಾಸ್ತನ್ನು ಚಾಚಿದೆ. ಈ ಸಲ ಕೈಯಿಂದಲೇ.

"ಪಾಸಾದ್ರ ಏನಾಗ್ತದ್ರಿ?"

"ಮಾಸ್ತರ ಆಗ್ತೀ. ನಿನಗ ಬೇಕಾಗಿದ್ದು ಅದಾ ಅಲ್ಲೇನು?"

"ಆಮ್ಯಾಲ? ಯಾವ ಸಾಲ್ಯಾಗ ನಿಮ್ಮಂಥ ಮಾಸ್ತರ್ರು ನನ್ನ ಬಾಜೂಕ ಕುರ್ಚಿ ಹಾಕ್ಕೊಂಡು ಕೂಡ್ತಾರ್ರಿ?"

"ನಾ ಕೂಡ್ತೀನಿ."

ಅವನು ನನ್ನ ಮುಖ ನೋಡಲಿಲ್ಲ, ಚಾಚಿದ ಕೈ ನೋಡುತ್ತಿದ್ದ. "ಬ್ಯಾಡ ಬಿಡ್ರಿ ಮಾಸ್ತರ್ರ" ಎಂದ ಮೆಲ್ಲಗೆ. "ಥಂಡಿ ಭಾಳ ಅದ. ಮನಿಗೆ ಹೋಗಿ ಜಳಕ ಮಾಡಬೇಕಾಗ್ತದ ನಿಮಗ."

ಇದು ಚುಚ್ಚುಮಾತಲ್ಲ. ನನ್ನ ಬಗ್ಗೆ ಮರುಕದಿಂದಲೇ ಅಂದ. ಮೇಸ್ತ್ರಿ ಕೂಗಿದ, ನಾಲ್ವರೂ ಚೀಲಗಳ ಕಡೆ ಹೋದರು. ನಾನು ಮೂರು ವ್ಯಾಗನ್ನು ತುಂಬುವವರೆಗೆ ನಿಂತಿದ್ದೆ. ಬೆನ್ನ ಮೇಲೆ ಚೀಲ ಹೊತ್ತು ಅವನು ನನ್ನ ಮುಂದೆಯೇ ಹಲಗೆ ಹತ್ತಿ ಇಳಿದ. ನನ್ನ ಕೈಯಲ್ಲಿದ್ದ ಕಾಗದಕ್ಕೆ ಅವನ ಕೈ ಬರಲಿಲ್ಲ.

ಮರುದಿನ ಹೆಡ್‌ಮಾಸ್ತರರು ಇಪ್ಪತ್ಮೂರು ದರಖಾಸ್ತುಗಳನ್ನು ದಾರ ಕಟ್ಟಿ ಕಳಿಸಿದರು. ಮೂರನೇ ಸುತ್ತಿನ ಮೂವರು ತಮ್ಮ ನಡುವೆ ಒಬ್ಬನ ಜಾಗ ಬಿಟ್ಟೇ ಕುಳಿತಿದ್ದರು. ಅಲ್ಲಿಗೆ ಬಂದಾಗ ಹಾಳೆ ಒಂದು ಕ್ಷಣ ತಡೆಯುತ್ತಿತ್ತು.

ಮಧ್ಯಾಹ್ನದ ಮೋಟಾರಿಗೆ ಮಾನ್ವಿಗೆ ಹೋದೆ. ಅಂಗಳದಲ್ಲಿ ಕಾಲಿಟ್ಟಾಗ ಅವ್ವ ಒಳಗಿನಿಂದ ಕೂಗಿದಳು: "ಮೊದಲ ಸ್ನಾನ ಮಾಡಪಾ, ನೀರು ಕಾದಾವ." ಇವತ್ತು ಬೇಡ ಎಂದು ಹೇಳಲು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದೆ. ಬಚ್ಚಲ ಮುಂದೆ ಬಹಳ ಹೊತ್ತು ನಿಂತೆ. ಅವ್ವ ಹೊರಗೆ ಬಂದು, ಟವೆಲು ಹಿಡಿದು, "ಯಾಕೋ, ಆರಾಮಿಲ್ಲೇನು?" ಎಂದಳು. ಅವಳ ಮುಖ ನೋಡಿದೆ. ಒಳಗೆ ಹೋಗಿ ನೀರು ಸುರಿದುಕೊಂಡೆ.

ಊಟವಾದ ಮೇಲೆ ಡೈರಿ ತೆರೆದೆ. ವಾರ, ತಾರೀಖು, ತಿಥಿ ಬರೆದೆ. ಹಾಜರಿ ಇಪ್ಪತ್ಮೂರು. ಅದರ ಕೆಳಗೆ, ಆ ವರ್ಷದಲ್ಲಿ ಮೊದಲ ಸಲ, 'ನಾನು' ಎಂದು ಒಂದು ಕಾಲಂ ಮಾಡಿದೆ. ಸ್ನಾನ ಎಂದು ಬರೆದು ಅದರ ಮುಂದೆ ಒಂದು ಗೀಟು ಎಳೆದೆ.